ಕಸ್ತೂರ್ಬಾ ರಸ್ತೆಯ ನಾಯಿಕಲ್ಲು

ಹುಲೇಕಲ್, ಶಿರಸಿ ಕಡೆಯಿಂದ ಬೆಂಗಳೂರು ನೋಡಲು ಹೋದವರು ಮಕ್ಕಳ ಹಟಕ್ಕೆ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಯಂತ್ರಗಳನ್ನು ನೋಡಿ ಬಸ್ಸು ಹತ್ತುವುದೇ ಹೆಚ್ಚು. ಅದೇ ಕಸ್ತೂರ್ಬಾ ರಸ್ತೆಯಲ್ಲಿ 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಸಮಯ ಕಡಿಮೆಯಿದ್ದರೆ ಮೊದಲು ಇಲ್ಲಿನ ಕಲ್ಲುಗಳನ್ನೇ ನೋಡಬೇಕು. ಕಲ್ಲು ನೋಡಲು ಅಷ್ಟು ದೂರ ಯಾಕೆ, ನಮ್ಮಲ್ಲೇ ಬನವಾಸಿ, ಸೋಂದೆ ಇಲ್ಲವೇ, ಅವೂ ಒಂದು ಕಾಲದ ರಾಜಧಾನಿಗಳೇ ಅಲ್ಲವೇ ಎಂದು ಕೇಳಬಹುದು. ಕೇಳುವುದು ಸರಿಯೇ. ಆದರೆ ಊರಿನ ಕಲ್ಲು ಆ ಊರಿನ ಕಥೆಯನ್ನಷ್ಟೇ ಹೇಳುತ್ತದೆ. ನಾಡಿನ ಬೇರೆ ಬೇರೆ ಮೂಲೆಯ ಕಲ್ಲುಗಳನ್ನು ಹೋಲಿಸಿ ನೋಡಲು ಅವು ಒಂದೆಡೆ ಸೇರಬೇಕು.

ಮಂಡ್ಯ ಸೀಮೆಯ ಆತಕೂರಿನಿಂದ ಈ ಸಂಗ್ರಹಾಲಯಕ್ಕೆ ಬಂದ ಶಾಸನವನ್ನೇ ತೆಗೆದುಕೊಳ್ಳಿ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ದೊಡ್ಡ ಸುದ್ದಿ ಅದರಲ್ಲಿದೆ. ಆದರೆ ಕಲ್ಲು ನೆಟ್ಟದ್ದು ಕಾಳಿ ಎಂಬ ಬೇಟೆನಾಯಿಗಾಗಿ! ಗಂಗರ ದೊರೆ ಬೂತುಗನಿಂದ ಅವನ ಸೇವಕ ಮಣಲೇರ ಮೆಚ್ಚುಗೆಯಾಗಿ ಕೇಳಿ ಪಡೆದ ನಾಯಿ ಅದು; ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಇಂಥದ್ದನ್ನು ಮೂಲಸ್ಥಳದಿಂದ ಕಿತ್ತು ತರುವುದು ತಪ್ಪೆನ್ನುವವರ ಮಾತಿನಲ್ಲಿ ಹುರುಳಿದೆ, ಆ ಪೂಜೆ ಇಲ್ಲಿಗೆ ಬರಲಿಲ್ಲ. ಆದರೂ ಬಯಲಲ್ಲಿ ಅಕ್ಷರ ಸವೆಯುವುದಕ್ಕಿಂತ ಇದು ಮೇಲು. ನಮ್ಮ ತೋಟದಂಚಿನ ವೀರಗಲ್ಲುಗಳಿಗೆ ಆ ಸೂರೂ ಇಲ್ಲ.