ಎರವಲು ಸೈನ್ಯದ ಖರ್ಚು ಯಾರದು?

ದೊಡ್ಡ ರಾಷ್ಟ್ರವೊಂದು ಬಂಡಾಯ ಎದುರಿಸುತ್ತಿರುವ ಮಿತ್ರ ಸರಕಾರಕ್ಕೆ ಸೈನ್ಯ ಕಳಿಸಿತು ಎಂಬ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಅದರ ಬೆಲೆ ಕೊಡುವವರು ಯಾರು ಎಂದು ತಿಳಿಯಲು ಶಿರೂರಿನವರು ಬಹಳ ದೂರ ಹೋಗಬೇಕಾಗಿಲ್ಲ. ಇಳಕಲ್ ದಾಟಿದರೆ ಕುಷ್ಟಗಿ, ಅದರಾಚೆ ಕೊಪ್ಪಳ. 1948ರವರೆಗೆ ಅದು ನಿಜಾಮರ ಸೀಮೆ.

1798ರಲ್ಲಿ ನಿಜಾಮ್ ಅಲಿ ಖಾನ್ ಈಸ್ಟ್ ಇಂಡಿಯಾ ಕಂಪೆನಿಯೊಂದಿಗೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡರು. ಪಡೆ ಕಂಪೆನಿಯದು, ಖರ್ಚು ನಿಜಾಮರದು. ಎರಡೇ ವರ್ಷಗಳಲ್ಲಿ ಆ ಖರ್ಚಿಗಾಗಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನೇ ಬಿಟ್ಟುಕೊಡಬೇಕಾಯಿತು. ಅದರಲ್ಲಿ ಬಹುಪಾಲು, ಟಿಪ್ಪು ಸುಲ್ತಾನರನ್ನು ಸೋಲಿಸಲು ನೆರವಾದದ್ದಕ್ಕೆ ನಿಜಾಮರಿಗೆ ಸಿಕ್ಕ ನೆಲ!

ಮುಂದೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಇನ್ನೊಂದು ಪಡೆ ಬಂತು. ಸಂಬಳ ನಿಜಾಮರದು, ಅಧಿಕಾರಿಗಳು ಇಂಗ್ಲಿಷರು. ಮಾತು ಕೇಳದ ಜಮೀನ್ದಾರರನ್ನು, ದಂಗೆಯೆದ್ದವರನ್ನು ಅಡಗಿಸುವುದು ಅದರ ಕೆಲಸ. ಸಂಬಳ ಬಾಕಿಯಾಗಿ ಸಾಲ ಬೆಳೆಯಿತು. 1853ರಲ್ಲಿ ಬೇರಾರ್, ಧಾರಾಶಿವ, ರಾಯಚೂರು ದೋಆಬ್ ಕಂಪೆನಿಯ ಕೈಸೇರಿದವು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಕೊಪ್ಪಳದ ಕೋಟೆ ಹಿಡಿದರು. ಅವರ ಸಿಟ್ಟು ಕಂಪೆನಿಯ ಮೇಲೆ. ಕೋಟೆ ನಿಜಾಮರ ದಿವಾನ ಸಾಲಾರ್ ಜಂಗ್ ಜಹಗೀರಿನದು. ಬಂದು ಕೋಟೆ ಬಿಡಿಸಿದ್ದು ಕಂಪೆನಿಯ ಸೈನ್ಯ. ಇಬ್ಬರೂ ಹತರಾದರು.

ಈ ಪದ್ಧತಿಯ ರೋಗವನ್ನು ಗುರುತಿಸಿದವನು ಕಂಪೆನಿಯವನೇ ಆದ ಥಾಮಸ್ ಮನ್ರೋ, 1818ರಲ್ಲಿ ಬಾದಾಮಿ ಕೋಟೆ ಗೆದ್ದವನು. ಅದರ ಹಿಂದಿನ ವರ್ಷ ಗವರ್ನರ್ ಜನರಲ್‌ಗೆ ಬರೆದ ಪತ್ರದಲ್ಲಿ ಆತ ಹೇಳಿದ್ದರ ಸಾರ ಇಷ್ಟು: ಕೆಟ್ಟ ಆಳ್ವಿಕೆಗೆ ಪ್ರಜೆಗಳ ಬಳಿ ಇದ್ದ ಮದ್ದು ದಂಗೆ, ಹೊರಗಿನ ಸೈನ್ಯ ರಾಜನನ್ನು ಕಾಯುವಾಗ ಆ ಮದ್ದೂ ಇಲ್ಲ, ರಾಜನಿಗೆ ಪ್ರಜೆಗಳ ಭಯವೂ ಇಲ್ಲ. ಅಧಿಕಾರ ಅಮಾನತ್ ಎಂದು ಜುಮಾದಲ್ಲಿ ಕೇಳುವ ನಾವು, ನಿಜಾಮರು ನಮ್ಮವರೆಂದು ಈ ಲೆಕ್ಕವನ್ನು ಮುಚ್ಚಿಡಬೇಕಾಗಿಲ್ಲ. ತೆರಿಗೆ ಕೊಟ್ಟವನು ಕುಷ್ಟಗಿಯ ರೈತ.

ಕಾಬೂಲಿನಲ್ಲೂ ಇದನ್ನೇ ಕಂಡೆವು. ಅಲ್ಲಿನ ಸರಕಾರವನ್ನು 1979ರಿಂದ 1989ರವರೆಗೆ ಸೋವಿಯತ್ ಸೈನ್ಯ ಕಾಯಿತು. 2001ರ ನಂತರ ಬಂದದ್ದು ಅಮೆರಿಕದ ಸೈನ್ಯ. ಇಪ್ಪತ್ತು ವರ್ಷ ಕಾದರೂ, ಆ ಸೈನ್ಯ ಪೂರ್ತಿ ಹೊರಡುವ ಮೊದಲೇ 2021ರ ಆಗಸ್ಟ್ 15ರಂದು ಸರಕಾರ ಕುಸಿಯಿತು.

ನಿಜಾಮರ ಗದ್ದುಗೆಯೇನೋ ಉಳಿಯಿತು. 1857ರ ನಿಷ್ಠೆಗೆ ಬಹುಮಾನವಾಗಿ 1860ರಲ್ಲಿ ರಾಯಚೂರು, ಧಾರಾಶಿವ ಮರಳಿದವು. ಬೇರಾರ್ ಮರಳಲಿಲ್ಲ. 1902ರಲ್ಲಿ ಅದನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಶಾಶ್ವತ ಗುತ್ತಿಗೆ ಕೊಡಲಾಯಿತು. ಯಾವ ಪಡೆಯ ಸಂಬಳಕ್ಕಾಗಿ ಬೇರಾರ್ ಹೋಯಿತೋ ಆ ಪಡೆ ಬ್ರಿಟಿಷರ ಸೈನ್ಯದಲ್ಲೇ ಸೇರಿಹೋಯಿತು.