ಹತ್ತು ಮುಖಗಳ ಅಪ್ಪನ ಮನೆ

ಪುತ್ತೂರು ಪೇಟೆಯಿಂದ ಪರ್ಲಡ್ಕದ ಕಡೆಗೆ ಹೊರಟರೆ ಬಾಲವನ ದೂರವೇನಲ್ಲ. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿದ ಜಾಗ ಅದು. ನಾಡಿಗೆಲ್ಲ ಅವರು ‘ಕಡಲ ತೀರದ ಭಾರ್ಗವ’. ಇಲ್ಲಿ ಮಾತ್ರ ನಾಲ್ಕು ಮಕ್ಕಳ ಅಪ್ಪ. ಬಾಲವನವನ್ನು ಅಪ್ಪನೊಬ್ಬನ ಮನೆಯೆಂದು ನೋಡಿದರೇ ಅದು ನಮಗೆ ಹೆಚ್ಚು ದಕ್ಕುತ್ತದೆ ಎಂಬುದು ನನ್ನ ನಂಬಿಕೆ.

ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಕಾರಂತರು ಗಾಂಧೀಜಿಯ ಅಸಹಕಾರದ ಕರೆಗೆ ಕಾಲೇಜು ಬಿಟ್ಟರು. ಆಮೇಲೆ ಅವರು ಕೈಹಾಕದ ಕೆಲಸ ಯಾವುದು? ‘ವಸಂತ’ ಪತ್ರಿಕೆ ನಡೆಸಿದರು, ನಾಟಕ ಆಡಿದರು, ಮೂಕಿ ಚಿತ್ರ ತೆಗೆದರು, ಕುಣಿದರು, ಊರೂರು ಅಲೆದರು. ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ತಾವೇ ಹೆಸರಿಟ್ಟುಕೊಂಡರು.

ಆ ಹತ್ತರಲ್ಲಿ ನನಗೆ ಹೆಚ್ಚು ಆಪ್ತವಾದದ್ದು ಮಕ್ಕಳ ಕಡೆಗೆ ತಿರುಗಿದ ಮುಖ. ಪುಸ್ತಕದ ಹೊರೆ ಇಳಿಸಿ, ಆಡುತ್ತ, ಹಾಡುತ್ತ, ಕುಣಿಯುತ್ತ ಮಕ್ಕಳು ಕಲಿಯಬೇಕೆಂಬ ಹಂಬಲದಿಂದಲೇ ಈ ಜಾಗಕ್ಕೆ ಬಾಲವನ ಎಂಬ ಹೆಸರು ಬಂತು. 1936ರಲ್ಲಿ ಅವರು ಲೀಲಾ ಅವರನ್ನು ಜಾತಿಯ ಗೆರೆ ದಾಟಿ ಮದುವೆಯಾದರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಹೊರಬಂದದ್ದೂ ಅದೇ ವರ್ಷ. ಮನೆಯಲ್ಲಿ ಇನ್ನೂ ತೊಟ್ಟಿಲು ತೂಗುವ ಮೊದಲೇ ಕನ್ನಡದ ಮಕ್ಕಳಿಗೆಲ್ಲ ನೆಲ, ಆಕಾಶ, ಪ್ರಾಣಿ, ಪಕ್ಷಿಗಳ ಕತೆ ಹೇಳಲು ಕೂತ ಮನುಷ್ಯ! ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಬರೆದು ಮುಗಿಸಿದರು. ಇಂದು ದೊಡ್ಡ ಸಂಸ್ಥೆಗಳು ಹತ್ತಾರು ಮಂದಿಯನ್ನು ಕೂರಿಸಿಕೊಂಡು ಮಾಡುವ ಕೆಲಸ ಅದು.

ಈ ಮನೆಯ ಕತೆಯನ್ನು ಲೀಲಾ ಅವರನ್ನು ಬಿಟ್ಟು ಹೇಳಲಾಗದು. ಗಂಡನ ನೃತ್ಯಪ್ರಯೋಗಗಳಲ್ಲಿ ಜೊತೆಗೆ ಹೆಜ್ಜೆ ಹಾಕಿದವರು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತಂದವರು ಅವರು. ಒಂದರ ಹಿಂದೆ ಒಂದು ಹೊಸ ಹುಚ್ಚು ಹತ್ತಿಸಿಕೊಳ್ಳುವ ಗಂಡನ ಸಂಸಾರ ನಿಂತದ್ದು ಅವರ ಹೆಗಲ ಮೇಲೆ. ಹಿರಿಯ ಮಗ ಹರ್ಷ ಹರೆಯದಲ್ಲೇ ತೀರಿಕೊಂಡಾಗ ಆ ತಾಯಿ ಕುಗ್ಗಿಹೋದರು. ಪುತ್ತೂರಿನಲ್ಲಿ ಕಾರಂತರು ನಡೆಸಿದ ಪ್ರಕಟಣಾಲಯಕ್ಕೆ ಆ ಮಗನದೇ ಹೆಸರು. ಹಳೆಯ ಕಾದಂಬರಿಗಳ ಮೊದಲ ಪುಟದಲ್ಲಿ ‘ಹರ್ಷ ಪ್ರಕಟಣಾಲಯ’ ಎಂಬ ಅಕ್ಷರಗಳನ್ನು ಕಂಡಾಗಲೆಲ್ಲ ನನ್ನ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ.

ಉಳಿದ ಮೂವರು, ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್, ಹುಲಿಗಳ ಅಧ್ಯಯನಕ್ಕೆ ಹೆಸರಾದ ಉಲ್ಲಾಸ ಕಾರಂತ ಮತ್ತು ಕ್ಷಮಾ ರಾವ್, ಸೇರಿ 2021ರಲ್ಲಿ ಅಪ್ಪ ಅಮ್ಮನ ನೆನಪುಗಳನ್ನು ಇಂಗ್ಲಿಷ್ ಪುಸ್ತಕವಾಗಿ ತಂದಿದ್ದಾರೆ. ಒಬ್ಬ ಮನುಷ್ಯನನ್ನು ಮೂವರು ಮೂರು ಕಡೆಯಿಂದ ನೆನೆಯುವ ರೀತಿ ನನಗೆ ಬಹಳ ಹಿಡಿಸಿತು. ಇಷ್ಟೊಂದು ಆಸಕ್ತಿಗಳಿದ್ದವರ ನೆನಪು ಒಬ್ಬರ ಕೈಗೆ ಪೂರ್ತಿ ಸಿಗುವಂಥದ್ದಲ್ಲ.

ಆ ಆಸಕ್ತಿಗಳಲ್ಲಿ ಒಂದಾದ ಯಕ್ಷಗಾನದ ಮಾತು ಬಂದರೆ ಕಾರಂತರ ಬಗ್ಗೆ ಇಂದಿಗೂ ಜಗಳವಿದೆ. ‘ಯಕ್ಷಗಾನ ಬಯಲಾಟ’ ಬರೆದು ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೇ ಆಟಕ್ಕೆ ವಯೋಲಿನ್, ಸ್ಯಾಕ್ಸೊಫೋನ್ ತಂದರು. ಅದನ್ನು ಒಪ್ಪದವರು ಬಹಳ ಮಂದಿ. ಆದರೆ ಬಡಗುತಿಟ್ಟಿನ ಹಳೆಯ ವೇಷಭೂಷಣಕ್ಕೆ ಅವರು ಕೊಟ್ಟ ಗೌರವವನ್ನು ಮರೆಯುವುದು ನ್ಯಾಯವಲ್ಲ.

ಎಪ್ಪತ್ತರ ದಶಕದಲ್ಲಿ ಕಾರಂತರು ಪುತ್ತೂರು ಬಿಟ್ಟು ಸಾಲಿಗ್ರಾಮಕ್ಕೆ ಹೋದರು. 1977ರ ಜ್ಞಾನಪೀಠ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಬಂತು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದರು. ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ, 1989ರಲ್ಲಿ ಲೋಕಸಭೆಗೆ ನಿಂತು ಸೋತರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ತೊಂಬತ್ತೈದರ ಆಸುಪಾಸಿನಲ್ಲೂ ಅವರು ಬರೆಯುತ್ತಿದ್ದದ್ದು ಹಕ್ಕಿಗಳ ಕುರಿತ ಪುಸ್ತಕ.

ಬಾಲವನದಲ್ಲಿ ಈಗ ಅವರ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಲಾಗಿದೆ. ಈಜುಕೊಳ, ರಂಗಮಂದಿರ ಇವೆ. ಅವರ ಹುಟ್ಟುಹಬ್ಬಕ್ಕೆ ಪ್ರಶಸ್ತಿ ಕೊಡುವ ಸಮಾರಂಭವೂ ನಡೆಯುತ್ತದೆ. ಭಾಷಣ ಕೇಳಲು ದೊಡ್ಡವರು ಬರುತ್ತಾರೆ, ಬರಲಿ. ನೀವು ಹೋಗುವುದಾದರೆ ಸಮಾರಂಭವಿಲ್ಲದ ಒಂದು ಸಾಮಾನ್ಯ ದಿನ ಹೋಗಿ. ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ, ಮರಗಳ ಕೆಳಗೆ ಓಡಾಡಲು ಬಿಡಿ.