ಸಾಗರದ ಮೇಲೆ ವಿಮಾನ ಹೋದದ್ದೇ ದಾರಿಯೇ?

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದವರೊಬ್ಬರು ಹೈದರಾಬಾದಿನಿಂದ ಲಂಡನ್ನಿಗೆ, ಅಲ್ಲಿಂದ ನ್ಯೂಯಾರ್ಕಿಗೆ ಹೊರಟಿದ್ದಾರೆ ಎಂದುಕೊಳ್ಳೋಣ. ಅಟ್ಲಾಂಟಿಕ್ ಮೇಲೆ ರೇಡಾರ್ ಇಲ್ಲ, ಹಾಗಾಗಿ ಪೈಲಟ್ ತನಗೆ ತೋಚಿದಂತೆ ಹಾರಿಸುತ್ತಾನೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಮೊದಲರ್ಧ ಬಹುಪಾಲು ನಿಜ, ಎರಡನೆಯದು ಸುಳ್ಳು.

ಭೂಮಿ ದುಂಡಗಿರುವುದರಿಂದ ನೆಲದ ರೇಡಾರಿಗೆ ಸುಮಾರು 400 ಕಿ.ಮೀ. ಆಚೆಗೆ ವಿಮಾನ ಕಾಣದು. ಅದಕ್ಕೇ ಸಾಗರದ ಗಡಿ ಮುಟ್ಟುವ ಮೊದಲೇ ಸಿಬ್ಬಂದಿ ಅನುಮತಿ ಕೇಳಬೇಕಿತ್ತು: ಯಾವ ಬಿಂದುವಿನಲ್ಲಿ, ಎಷ್ಟು ಹೊತ್ತಿಗೆ ಒಳಬರುತ್ತೇವೆ, ಎತ್ತರವೆಷ್ಟು, ವೇಗವೆಷ್ಟು. ಪೂರ್ವದ ಭಾಗವನ್ನು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಿಂದ ನಡೆಯುವ ಶಾನ್‌ವಿಕ್, ಪಶ್ಚಿಮದ ಭಾಗವನ್ನು ಕೆನಡಾದ ಗ್ಯಾಂಡರ್ ನೋಡಿಕೊಳ್ಳುತ್ತವೆ.

ವೇಗವನ್ನೇಕೆ ಕೇಳುವುದು? ಒಂದೇ ಎತ್ತರದಲ್ಲಿ, ಒಂದೇ ದಾರಿಯಲ್ಲಿ ಎರಡು ವಿಮಾನಗಳ ನಡುವೆ 10 ನಿಮಿಷದ, ಅಂದರೆ ಸುಮಾರು 150 ಕಿ.ಮೀ. ಅಂತರವಿದೆ ಎನ್ನಿ. ಮುಂದಿನದು ಮ್ಯಾಕ್ 0.82, ಹಿಂದಿನದು 0.85. ವ್ಯತ್ಯಾಸ ಗಂಟೆಗೆ ಬರೀ 32 ಕಿ.ಮೀ., ನಮ್ಮೂರ ಟಂಟಂ ಓಡುವಷ್ಟು. ಆದರೂ ಮೂರು ಗಂಟೆಯಲ್ಲಿ ಹಿಂದಿನದು 95 ಕಿ.ಮೀ.ಗೂ ಹೆಚ್ಚು ಹತ್ತಿರ ಬಂದಿರುತ್ತದೆ! ಆದ್ದರಿಂದ ಕೊಟ್ಟ ವೇಗವನ್ನು ಕೇಳದೆ ಬದಲಿಸುವಂತಿರಲಿಲ್ಲ.

2019ರಿಂದ ಉಪಗ್ರಹಗಳು ಇಲ್ಲಿನ ವಿಮಾನಗಳ ಸ್ಥಾನವನ್ನು ಹೇಳತೊಡಗಿದವು. 2024ರ ಡಿಸೆಂಬರಿನಲ್ಲಿ ಶಾನ್‌ವಿಕ್, ಗ್ಯಾಂಡರ್ ಎರಡೂ ಪ್ರತ್ಯೇಕ ಸಾಗರ ಅನುಮತಿ ಕೊಡುವುದನ್ನೇ ನಿಲ್ಲಿಸಿದವು. ಹಾಗೆಂದು ಕೇಳುವುದು ತಪ್ಪಿಲ್ಲ. ಅದೇ ವಿವರದ ಸಂದೇಶವನ್ನು ಸಿಬ್ಬಂದಿ ಈಗಲೂ ಮುಂಚಿತವಾಗಿ ಕಳಿಸಲೇಬೇಕು. ಎತ್ತರ ಬದಲಿಸಲು ಮತ್ತೆ ಒಪ್ಪಿಗೆ ಬೇಕೇ ಬೇಕು.